ನಾನೂರು ಕುರಿ, ಒಂದು ಕನ್ಸೋಲ್

ನಲವತ್ತು ಕುರಿಗೆ ನಮ್ಮ ಮನೆಯಲ್ಲಿ ಯಾರೂ ಹಿಂಡು ಅನ್ನುವುದಿಲ್ಲ. ನಲವತ್ತೇ ಕುರಿ ಇದ್ದವನು ತಾನೊಬ್ಬನೇ ಊರು ಬಿಟ್ಟು ಮೇಯಿಸಲು ಹೊರಡುವುದಿಲ್ಲ. ತನ್ನವನ್ನು ಇನ್ನೊಬ್ಬರ ಹಿಂಡಿಗೆ ಸೇರಿಸಿ ಅವರ ಹಿಂದೆ ಹಿಂದೆ ನಡೆಯುತ್ತಾನೆ. ಇಷ್ಟು ಸರಳ ವಿಷಯವನ್ನು ಬೆಂಗಳೂರಿನ ಒಬ್ಬ ಓದಿದ ಮನುಷ್ಯನ ತಲೆಗೆ ಇಳಿಸಲು ಮೂರು ವಾರ ಹಿಡಿಯಿತು. ಆ ಮೂರು ವಾರ ನಾನು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಅವ್ವ ಊಟಕ್ಕೆ ಕರೆದರೂ ಕಚ್ಚುವ ಹಾಗೆ ಉತ್ತರ ಕೊಡುತ್ತಿದ್ದೆ.

ನಾನು ಇಂಡಿ ಊರಿನಲ್ಲಿ, ಅವ್ವನ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ವಿಡಿಯೋ ಗೇಮ್‌ಗಳ ಕೋಡ್ ಬರೆಯುತ್ತೇನೆ. ಕಂಪನಿ ಬೆಂಗಳೂರಿನದು, ಹತ್ತು ಹನ್ನೆರಡು ಜನರ ಸಣ್ಣ ಕಂಪನಿ. ವಯಸ್ಸು ಮೂವತ್ತು ದಾಟಿದೆ, ಲಗ್ನದ ವಿಷಯ ಇಲ್ಲಿ ಬೇಡ. ಓಣಿಯ ಹೆಣ್ಣುಮಕ್ಕಳು ನನ್ನ ಕೆಲಸ ಏನೆಂದು ಕೇಳಿದರೆ ಅವ್ವ, "ಕಂಪ್ಯೂಟರಿನ್ಯಾಗ ಕುರಿ ಕಾಯ್ತಾಳ" ಅನ್ನುತ್ತಾಳೆ. ಅವಳು ಅದನ್ನು ತಮಾಷೆಗೆ ಹೇಳುವುದಿಲ್ಲ. ನಿಜವಾಗಿಯೂ ನನ್ನ ಗೇಮ್ ಅದೇ.

ಅದರಲ್ಲಿ ಆಡುವವರೇ ಕುರಿಗಾರರು. ಮುಂಗಾರು ಬೀಳುವ ಹೊತ್ತಿಗೆ ಹಿಂಡು ಹೊಡೆದುಕೊಂಡು ಊರಿಂದ ಹೊರಡಬೇಕು, ಎರೆಹೊಲ, ಗುಡ್ಡ, ಕಾಲುವೆ ದಾಟಿ ನದಿದಂಡೆ ಮುಟ್ಟಬೇಕು, ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ, ಮತ್ತೆ ಊರಿಗೆ ಬರಬೇಕು. ಗುದ್ದಾಟವಿಲ್ಲ, ಗುಂಡು ಹಾರಿಸುವುದಿಲ್ಲ. ಕುರಿ ಕಳೆಯದ ಹಾಗೆ ನಡೆಯಬೇಕು, ಅಷ್ಟೇ ಆಟ. ಹಿಂಡಿನಲ್ಲಿ ನಾನೂರು ಕುರಿ. ಮೋರಟಗಿಯಲ್ಲಿರುವ ನನ್ನ ಸೋದರಮಾವ ವರ್ಷವರ್ಷವೂ ಹೊಡೆದುಕೊಂಡು ಹೊರಡುವ ಹಿಂಡು ಹೆಚ್ಚುಕಡಿಮೆ ಅಷ್ಟಿದೆ. ಬೇರೆ ಸಂಖ್ಯೆ ಹಾಕಬೇಕು ಅಂತ ನನಗೆ ಹೊಳೆಯಲೂ ಇಲ್ಲ.

ಆ ಗೇಮ್ ಮೊದಲು ಬಂದದ್ದು ಪಿಸಿಗೆ. ಪಿಸಿಗೆ ಬರೆಯುವವರಿಗೆ ಒಂದು ಸುಖ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಾರ ಮನೆಯಲ್ಲಿ ಯಾವ ಕಂಪ್ಯೂಟರ್ ಇದೆಯೋ ನಮಗೆ ಗೊತ್ತಿಲ್ಲ. ಒಬ್ಬರಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡ್, ಇನ್ನೊಬ್ಬರಲ್ಲಿ ಎಂಟು ವರ್ಷದ ಹಳೆಯದು, ಮತ್ತೊಬ್ಬರಲ್ಲಿ ಕಾರ್ಡೇ ಇಲ್ಲ. ಹಾಗಾಗಿ ಗೇಮ್ ನಿಧಾನವಾದರೆ ತಪ್ಪನ್ನು ಕೊಂಡವರ ತಲೆಗೆ ಕಟ್ಟಬಹುದು. "ಇಷ್ಟು ಮೆಮೊರಿ ಬೇಕು, ಇಂಥ ಪ್ರೊಸೆಸರ್ ಬೇಕು" ಎಂದು ಮೊದಲೇ ಬರೆದುಬಿಟ್ಟರೆ ಮುಗಿಯಿತು. ಸೆಟ್ಟಿಂಗ್ಸ್ ಅಂತ ಒಂದು ಪಟ್ಟಿ ಕೊಟ್ಟು, ನೆರಳು ಬೇಕೋ ಬೇಡವೋ, ಹುಲ್ಲು ಎಷ್ಟಿರಬೇಕು, ನೀವೇ ನೋಡಿಕೊಳ್ಳಿ ಅಂದರಾಯಿತು. ನನ್ನ ಟೇಬಲ್ಲಿನ ಕೆಳಗಿದ್ದ ಪಿಸಿ ಬಲವಾದದ್ದು. ಅದರ ಮೇಲೆ ನಾನೂರು ಕುರಿ ಎರಡು ವರ್ಷ ಆರಾಮವಾಗಿ ಮೇಯ್ದವು. ನಾನೂ ಮೈಮರೆತಿದ್ದೆ, ಸುಳ್ಳೇಕೆ ಹೇಳಲಿ.

ಆಮೇಲೆ ಕನ್ಸೋಲ್‌ಗೂ, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಡಬ್ಬಿಗೂ, ತರೋಣ ಎಂದು ಕಂಪನಿಯಲ್ಲಿ ತೀರ್ಮಾನವಾಯಿತು. ಹೊಸ ಕನ್ಸೋಲ್ ಅಲ್ಲ, ಹಿಂದಿನ ಪೀಳಿಗೆಯದು. ಹೆಚ್ಚು ಮನೆಗಳಲ್ಲಿ ಇನ್ನೂ ಇರುವುದು ಅದೇ. ಪರೀಕ್ಷೆಗೆಂದು ಒಂದು ಕರಿ ಡಬ್ಬಿಯನ್ನು ನನ್ನ ಮನೆಗೆ ಕಳಿಸಿದರು, ಜೊತೆಗೆ ಒಂದು ಕರಾರು ಪತ್ರ: ಇದನ್ನು ಬೀಗ ಹಾಕುವ ಕೋಣೆಯಲ್ಲಿಡಬೇಕು, ಹೊರಗಿನವರು ನೋಡಬಾರದು. ನಮ್ಮ ಮನೆಯಲ್ಲಿ ಬೀಗ ಹಾಕುವ ಕೋಣೆ ಒಂದೇ, ದೇವರ ಜಗಲಿ ಇರುವ ಒಳಕೋಣೆ. ಡಬ್ಬಿಯನ್ನು ಅಲ್ಲಿಟ್ಟು, ಗೋಡೆಯ ಮೇಲಿನ ಗಾಳಿಕಿಂಡಿಯೊಳಗಿಂದ ಕೇಬಲ್ ಎಳೆದುಕೊಂಡು ನಾನು ಈಚೆ ಕುಳಿತೆ.

ಮೊದಲ ಸಲ ಗೇಮ್ ಹಾಕಿ ನೋಡಿದಾಗ ಕುರಿಗಳು ಕುಂಟಿದವು. ಪರದೆಯ ಮೇಲೆ ಸೆಕೆಂಡಿಗೆ ಮೂವತ್ತು ಚಿತ್ರ ಮೂಡಿದರೆ ಕಣ್ಣಿಗೆ ಅದು ನಡಿಗೆ ಅನಿಸುತ್ತದೆ. ಅಂದರೆ ಒಂದು ಚಿತ್ರಕ್ಕೆ ಸಿಗುವ ಹೊತ್ತು ಮೂವತ್ತಮೂರು ಮಿಲಿಸೆಕೆಂಡು. ಕುರಿ ಎಲ್ಲಿ ಹೋಗಬೇಕು, ಯಾವುದಕ್ಕೆ ಡಿಕ್ಕಿ ಹೊಡೆಯಬಾರದು, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಎಲ್ಲ ಲೆಕ್ಕವೂ ಅಷ್ಟರೊಳಗೆ ಮುಗಿಯಬೇಕು. ನನ್ನದು ಎಪ್ಪತ್ತು ತೆಗೆದುಕೊಂಡಿತು. ಒಂದು ಕುರಿ ಕಾಲೆತ್ತಿದರೆ ಆ ಕಾಲು ನೆಲಕ್ಕೆ ಬರುವುದನ್ನು ಕಾಯುತ್ತ ಕೂರಬೇಕಾಗಿತ್ತು.

ವಿಡಿಯೋ ಕಾಲ್‌ನಲ್ಲಿ ಕಂಪನಿಯ ಮುಖ್ಯಸ್ಥರಿಗೆ ತೋರಿಸಿದೆ. ಅವರು ನನಗಿಂತ ಐದಾರು ವರ್ಷ ದೊಡ್ಡವರು, ಮೃದು ಮಾತಿನವರು. ಮೃದು ಮಾತಿನವರ ಜೊತೆ ಜಗಳವಾಡುವುದು ಬಹಳ ಕಷ್ಟ.

"ನಲವತ್ತು ಮಾಡ್ಬಿಡಿ," ಅಂದರು. "ನಾನೂರರ ಬದಲು ನಲವತ್ತು ಕುರಿ. ಒಂದು ಸಾಲು ಕೋಡ್ ಬದಲಾಯಿಸಿದ್ರೆ ಮುಗೀತು. ಆಡೋರಿಗೆ ಏನೂ ಗೊತ್ತಾಗಲ್ಲ."

"ಆಗೂದಿಲ್ರಿ," ಅಂದೆ.

"ಯಾಕೆ ಕೋಪ ಮಾಡ್ಕೋತೀರ?"

ನಾನು ಕೋಪ ಮಾಡಿಕೊಂಡಿರಲಿಲ್ಲ. ನಮ್ಮ ಕಡೆಯ ಮಾತು ಅವರ ಕಿವಿಗೆ ಯಾವಾಗಲೂ ಹಾಗೇ ಕೇಳುತ್ತದೆ. ಆದರೆ ಅವರು ಹಾಗೆ ಅಂದ ಮೇಲೆ ನಿಜವಾಗಿಯೂ ಕೋಪ ಬಂತು. ಹಿಂಡು ಅಂದರೆ ಏನು ಅಂತ ಹತ್ತು ನಿಮಿಷ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನಿಮ್ಮ ಭಾವನೆ ಅರ್ಥ ಆಗುತ್ತೆ" ಅಂದರು. ಭಾವನೆ ಅಂತೆ. ಎತ್ತಿನಗಾಡಿಗೆ ಎರಡು ಗಾಲಿ ಬೇಕು ಅನ್ನುವುದು ಯಾರ ಭಾವನೆ? ಕಡೆಗೆ ಒಂದು ಮಾತಿಗೆ ಬಂದು ನಿಂತೆವು: ಮೂರು ವಾರದೊಳಗೆ ನಾನೂರು ಕುರಿ ಮೂವತ್ತಮೂರರ ಒಳಗೆ ನಡೆದರೆ ಸರಿ, ಇಲ್ಲದಿದ್ದರೆ ಬೆಂಗಳೂರಿನ ತಂಡದವರು ಆ ಒಂದು ಸಾಲು ಬದಲಾಯಿಸಿ ನಲವತ್ತನ್ನೇ ಕಳಿಸುತ್ತಾರೆ. ನನ್ನನ್ನು ಮತ್ತೆ ಕೇಳುವುದಿಲ್ಲ.

ಕಾಲ್ ಮುಗಿದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಅದಕ್ಕೆ ಕಾರಣ ಅವರೊಬ್ಬರೇ ಅಲ್ಲ. ಬಸವನಬಾಗೇವಾಡಿಯಲ್ಲಿ ಡಿಪ್ಲೊಮಾ ಓದುವಾಗ ಲ್ಯಾಬಿನಲ್ಲಿ ಒಬ್ಬ ಮಾಸ್ತರರು ನನ್ನ ಪ್ರೋಗ್ರಾಂ ನೋಡಿ, ಚೆನ್ನಾಗಿದೆ ಅಂದು, ಆಮೇಲೆ ನನ್ನ ಮನೆತನ ವಿಚಾರಿಸಿ, "ಕುರಿ ಕಾಯೋರ ಮನಿ ಹುಡುಗಿಗೆ ಟೈಪಿಂಗ್ ಬಂದ್ರ ಸಾಕಲ್ಲವಾ" ಅಂದಿದ್ದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ನಗುನಗುತ್ತ ಅಂದದ್ದು. ಆವತ್ತಿನಿಂದ ಯಾರಾದರೂ ನನಗೆ "ಇಷ್ಟು ಸಾಕು" ಅಂದರೆ ಮೈ ಉರಿಯುತ್ತದೆ. ಎಷ್ಟು ಸಾಕು ಅನ್ನುವುದನ್ನು ನಾನು ಹೇಳುತ್ತೇನೆ.

ಮೊದಲ ವಾರ ದಂಡ. ಚಿತ್ರ ಬಿಡಿಸುವ ಕೆಲಸ ಹೆಚ್ಚಾಗಿದೆ ಅಂದುಕೊಂಡು ಹುಲ್ಲು ತೆಳ್ಳಗೆ ಮಾಡಿದೆ, ನೆರಳು ಮಂಕು ಮಾಡಿದೆ, ದೂರದ ಗುಡ್ಡ ಸವೆಸಿದೆ. ಎಪ್ಪತ್ತು ಹೋಗಿ ಅರವತ್ತಾರಾಯಿತು. ಪಿಸಿಯಲ್ಲಿ ಕಲಿತ ಚಾಳಿ ಅದು, ನಿಧಾನವಾದರೆ ಅಂದ ಕಡಿಮೆ ಮಾಡು. ಕನ್ಸೋಲ್‌ನ ಮರ್ಮ ಬೇರೆ. ಪಿಸಿಯಲ್ಲಿ ಪ್ರೊಸೆಸರ್‌ಗೆ ತನ್ನದೇ ಮೆಮೊರಿ, ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಮೆಮೊರಿ. ಈ ಡಬ್ಬಿಯಲ್ಲಿ ಎರಡಕ್ಕೂ ಸೇರಿ ಒಂದೇ, ಅದರಲ್ಲೂ ಒಂದು ಪಾಲು ಡಬ್ಬಿಯೇ ತನಗೆಂದು ಇಟ್ಟುಕೊಳ್ಳುತ್ತದೆ. ಪಿಸಿಯ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ನಾಲ್ಕೈದು ಗಟ್ಟಿ ಆಳು ಇದ್ದರೆ ಇಲ್ಲಿ ಏಳೆಂಟು ಬಡಕಲು ಆಳು. ಒಬ್ಬನ ಮೇಲೆಯೇ ಹೊರೆ ಹಾಕಿದರೆ ಅವನು ಕುಸಿಯುತ್ತಾನೆ, ಉಳಿದವರು ಕೈಕಟ್ಟಿ ನಿಂತಿರುತ್ತಾರೆ. ನನ್ನ ಕೋಡ್ ಮಾಡುತ್ತಿದ್ದದ್ದು ಅದನ್ನೇ.

ಹಾಗಂತ ಕನ್ಸೋಲ್ ಕೀಳು, ಪಿಸಿ ಮೇಲು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಪಿಸಿಗೆ ಗೇಮ್ ಬರೆಯುವುದು ಖಾನಾವಳಿಯಲ್ಲಿ ಅಡುಗೆ ಮಾಡಿದ ಹಾಗೆ. ಯಾರು ಬರುತ್ತಾರೋ, ಎಷ್ಟು ಖಾರ ತಿನ್ನುತ್ತಾರೋ ಗೊತ್ತಿರುವುದಿಲ್ಲ, ಹಾಗಾಗಿ ಚಟ್ನಿಪುಡಿ ಬೇರೆ ಇಡಬೇಕು, ಎರಡು ರೊಟ್ಟಿ ಹೆಚ್ಚೇ ಬಡಿದಿರಬೇಕು. ಕನ್ಸೋಲ್ ಮನೆಯ ಅಡುಗೆ. ಲಕ್ಷ ಮನೆಗಳಲ್ಲಿ ಇದ್ದರೂ ಡಬ್ಬಿ ಒಂದೇ ಥರದ್ದು, ಒಳಗಿನ ಚಿಪ್ ಒಂದೇ. ಹಿಟ್ಟು ಎಷ್ಟಿದೆ, ಯಾರು ಎಷ್ಟು ಉಣ್ಣುತ್ತಾರೆ, ನಮಗೆ ಗೊತ್ತು. ಬೆಳಕು ನೆರಳು ಬಿಡಿಸುವ ಸಣ್ಣ ಪ್ರೋಗ್ರಾಂಗಳನ್ನು ಪಿಸಿಯಲ್ಲಿ ಆಡುವವರ ಕಾರ್ಡಿಗೆ ತಕ್ಕಂತೆ ಅವರ ಮನೆಯಲ್ಲೇ ತಯಾರಿಸಬೇಕಾಗುತ್ತದೆ, ಅದಕ್ಕೇ ಹೊಸ ಜಾಗಕ್ಕೆ ಹೋದಾಗ ಗೇಮ್ ಒಂದು ಕ್ಷಣ ತಡವರಿಸುತ್ತದೆ. ಕನ್ಸೋಲ್‌ಗೆ ಅವನ್ನೆಲ್ಲ ನಾವು ಮೊದಲೇ ತಯಾರಿಸಿ ಕಳಿಸಬಹುದು. ಅನುಕೂಲವೂ ಅದೇ, ಸಂಕಟವೂ ಅದೇ. ಗೇಮ್ ಕುಂಟಿದರೆ ನಿಮ್ಮ ಮೆಷಿನ್ ಹಳೆಯದು ಅಂತ ಯಾರಿಗೂ ಹೇಳಲಾಗುವುದಿಲ್ಲ. ತಪ್ಪು ಬರೆದವರದೇ.

ಎರಡನೆಯ ವಾರದ ಮೊದಲಲ್ಲಿ ಇನ್ನೊಂದು ಪೀಡೆ ಗಂಟುಬಿತ್ತು. ಡಬ್ಬಿ ಚೆನ್ನಾಗಿ ನಡೆಯುತ್ತ ನಡೆಯುತ್ತ ತಟ್ಟನೆ ಆಫ್ ಆಗತೊಡಗಿತು. ಬೆಳಿಗ್ಗೆ ಏನೂ ಇಲ್ಲ, ಮಧ್ಯಾಹ್ನದ ಹೊತ್ತು ಮಾತ್ರ. ನನ್ನ ಕೋಡ್ ಎಲ್ಲೋ ಮೆಮೊರಿ ತಿಂದು ಬೀಳಿಸುತ್ತಿದೆ ಎಂದು ಎರಡು ದಿನ ಒಂದೊಂದೇ ಸಾಲು ಹುಡುಕಿದೆ. ಏನೂ ಸಿಗಲಿಲ್ಲ. ನಾನೇ ದಡ್ಡಿ, ಮಾಸ್ತರರು ಅಂದದ್ದೇ ನಿಜ ಅನ್ನುವ ಮಟ್ಟಕ್ಕೆ ಬಂದಿದ್ದೆ. ಮೂರನೆಯ ದಿನ ಕೇಬಲ್ ಸಡಿಲವಾಗಿದೆಯೋ ನೋಡೋಣ ಎಂದು ಒಳಕೋಣೆಗೆ ಹೋದರೆ ಡಬ್ಬಿಯೇ ಕಾಣಲಿಲ್ಲ. ಅದರ ಮೇಲೆ ನಮ್ಮ ಮನೆಯ ಕರಿ ಕಂಬಳಿ ನಾಲ್ಕು ಮಡಿಕೆ ಮಾಡಿ ಹೊದಿಸಿತ್ತು.

"ಅವ್ವಾ, ಇದರ ಮ್ಯಾಲ ಕಂಬಳಿ ಯಾರು ಹಾಕಿದ್ರು?"

"ನಾನ. ಮಧ್ಯಾನ ಸುಳಿಗಾಳಿ ಎದ್ದು ಧೂಳು ಬಡೀತೈತಿ. ಸಂಜಿಕ ಕಸಾ ಹೊಡಿಯೂ ಮುಂದ ತಗೀತೇನಿ. ಮಾನದ ಸಾಮಾನು ಹಂಗ ಬತ್ತಲಿ ಇಡ್ತಾರೇನು?"

"ಅದಕ್ಕ ಉಸುರು ಕಟ್ಟತೈತಿ."

"ಕುರಿ ಮೈಮ್ಯಾಲ ಅಷ್ಟ ಉಣ್ಣೆ ಇರ್ತೈತಿ. ಅವಕ್ಕ ಉಸುರು ಕಟ್ಟೂದಿಲ್ಲ, ಇದಕ್ಕ ಕಟ್ಟತೈತಿ?"

ನಮ್ಮಲ್ಲಿ ಕಂಬಳಿ ಹೊದಿಸುವುದು, ಹಾಸಿ ಕೂರಿಸುವುದು ದೊಡ್ಡ ಮರ್ಯಾದೆ. ಅವ್ವ ತನಗೆ ತಿಳಿದ ಮರ್ಯಾದೆಯನ್ನು ಡಬ್ಬಿಗೂ ಕೊಟ್ಟಿದ್ದಳು. ಪಿಸಿಯಾಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದೆ. ಅದರ ಫ್ಯಾನು ಬೊಬ್ಬೆ ಹೊಡೆಯುತ್ತಿತ್ತು, ಪ್ರೊಸೆಸರ್ ಮೆಲ್ಲಗೆ ತನ್ನ ವೇಗ ಇಳಿಸಿಕೊಂಡು ಹೇಗೋ ತೆವಳುತ್ತಿತ್ತು. ಈ ಡಬ್ಬಿ ವೇಗ ಇಳಿಸುವುದಿಲ್ಲ. ಎಲ್ಲರ ಮನೆಯಲ್ಲೂ ಒಂದೇ ವೇಗ ಇರುತ್ತದೆ ಎಂದು ನಂಬಿ ನಾವು ಗೇಮ್ ಬರೆದಿರುತ್ತೇವೆ. ಅದು ಆ ನಂಬಿಕೆ ಉಳಿಸುತ್ತದೆ ಇಲ್ಲವೇ ಆಫ್ ಆಗುತ್ತದೆ, ನಡುವಿನ ದಾರಿ ಇಲ್ಲ. ಎರಡು ದಿನ ಹಾಳಾಯಿತು ಅನ್ನುವ ಸಿಟ್ಟಿನಲ್ಲೂ ಡಬ್ಬಿಯ ಈ ಹಟ ನನಗೆ ಹಿಡಿಸಿತು. ಕಂಬಳಿ ಮಡಚಿ ಅವ್ವನ ಕೈಗೆ ಕೊಟ್ಟು, ಡಬ್ಬಿಯ ಎದುರು ಟೇಬಲ್ ಫ್ಯಾನ್ ಇಟ್ಟೆ.

ಆದರೂ ಅರವತ್ತಾರು ಅರವತ್ತಾರಾಗಿಯೇ ಇತ್ತು, ಉಳಿದದ್ದು ಹನ್ನೆರಡು ದಿನ. ತಲೆ ಓಡಲಿಲ್ಲ. ಮಾಮಾ ಆಗ ಹಿಂಡಿನ ಜೊತೆ ಮುದ್ದೇಬಿಹಾಳದ ಕಡೆ ಇದ್ದಾನೆ ಅಂತ ಅವ್ವ ಹೇಳಿದಳು. ಮರುದಿನ ಬೆಳಿಗ್ಗೆಯೇ ಇಂಡಿಯಿಂದ ಸಿಂದಗಿ ಬಸ್ಸು ಹತ್ತಿದೆ, ಸಿಂದಗಿಯಲ್ಲಿ ಇಳಿದು ಇನ್ನೊಂದು ಬಸ್ಸು. ಗೇಮ್ ಬಗ್ಗೆ ಕೇಳಬೇಕು ಅಂತ ಹೊರಟವಳಲ್ಲ. ಆ ಪರದೆಯ ಕುಂಟು ಕುರಿ ನೋಡಿ ನೋಡಿ ಸಾಕಾಗಿತ್ತು, ನೆಟ್ಟಗೆ ನಡೆಯುವ ಕುರಿ ನೋಡಬೇಕಾಗಿತ್ತು.

ಮಾಮಾ ಅವ್ವನ ಅಣ್ಣ. ಅರವತ್ತು ದಾಟಿದೆ, ಇನ್ನೂ ನಮ್ಮೆಲ್ಲರಿಗಿಂತ ಜೋರಾಗಿ ನಡೆಯುತ್ತಾನೆ. ಜೋಳ ಕೊಯ್ದ ಒಂದು ಹೊಲದಲ್ಲಿ ಗೊಬ್ಬರಕ್ಕೆಂದು ರೈತ ಕುರಿ ತರುಬಿಸಿದ್ದ. ನಾನು ಹೋದಾಗ ಕುರಿಗಳು ಬಲೆಯ ಬೇಲಿಯೊಳಗಿಂದ ಹೊರಗೆ ಬರುತ್ತಿದ್ದವು. ಬೇಲಿಯಲ್ಲಿ ಒಂದೇ ಕಡೆ ಕಂಡಿ ಬಿಟ್ಟಿದ್ದರು, ಒಮ್ಮೆಗೆ ಒಂದೋ ಎರಡೋ ದಾಟುವಷ್ಟು. ಮಾಮಾ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದ. ಇಪ್ಪತ್ತು ದಾಟಿದರೆ ಒಂದು ಹರಳು ಎಡಗೈಯಿಂದ ಬಲಗೈಗೆ. ನನ್ನನ್ನು ನೋಡಿದರೂ ಮಾತಾಡಿಸಲಿಲ್ಲ. ಕೊನೆಯ ಕುರಿ ದಾಟಿ, ಇಪ್ಪತ್ತನೆಯ ಹರಳು ಬಲಗೈಗೆ ಬಂದ ಮೇಲೆಯೇ, "ಏನವ್ವಾ, ಇಷ್ಟ ದೂರ?" ಅಂದ.

ಬದುವಿನ ಮೇಲೆ ಕುಳಿತೆವು. ಕುರಿ ಹರಡಿಕೊಂಡು ಮೇಯುತ್ತಿದ್ದವು. ಮಾಮಾ ಅವುಗಳ ಕಡೆ ನೋಡದೆ ನನ್ನ ಜೊತೆ ಮಾತಾಡುತ್ತಿದ್ದ, ನಡುನಡುವೆ ಒಮ್ಮೆ ಕತ್ತು ಹೊರಳಿಸಿ ಸೀಟಿ ಹೊಡೆಯುತ್ತಿದ್ದ. ಅದು ನೋಡಿ ಕೇಳಿದೆ.

"ಮಾಮಾ, ನಾನೂರು ಕುರಿ ಮ್ಯಾಲೆ ಹೆಂಗ ಕಣ್ಣಿಡ್ತಿ?"

"ನಾನೂರರ ಮ್ಯಾಲೆ ಯಾವಾಂವ ಕಣ್ಣಿಡ್ತಾನ? ಹುಚ್ಚ ಹಿಡೀತೈತಿ. ಮುಂದಿನ ಏಳೆಂಟು ನೋಡ್ತೇನಿ. ಅವು ಹೊಳ್ಳಿದ್ರ ಎಲ್ಲಾ ಹೊಳ್ಳತಾವು. ಉಳದವು ತಮ್ಮ ಮುಂದಿಂದರ ಬಾಲ ನೋಡ್ಕೋತ ಹೋಗ್ತಾವು, ಅವಕ್ಕ ದಾರಿ ಗೊತ್ತಿರೂದಿಲ್ಲ, ಬೇಕಾಗಿಯೂ ಇಲ್ಲ."

"ಹಾದಿ ಬಿಟ್ಟು ಹೋಗೂವು?"

"ಅಂಚಿನ್ಯಾಗಿನವು ಕಳ್ಳ ಇರ್ತಾವು, ಮಂದಿ ಹೊಲಕ್ಕ ಬಾಯಿ ಹಾಕತಾವು. ಅವನ್ನ ಆಗೊಮ್ಮಿ ಈಗೊಮ್ಮಿ ನೋಡಿದ್ರಾತು. ನಡುವಿನವನ್ನ ನೋಡೂದ ಬ್ಯಾಡ."

ನನ್ನ ಗೇಮಿನಲ್ಲಿ ಪ್ರತಿ ಕುರಿಯೂ ಪ್ರತಿ ಚಿತ್ರದಲ್ಲೂ ಉಳಿದ ಅಷ್ಟೂ ಕುರಿಗಳನ್ನು, ನೀನೆಲ್ಲಿದ್ದಿ, ನೀನೆಲ್ಲಿದ್ದಿ ಎಂದು ಕೇಳುತ್ತಿತ್ತು. ನಾನೂರು ಕುರಿ, ಒಂದೊಂದೂ ನಾನೂರು ಸಲ. ಒಂದು ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಪ್ರಶ್ನೆ. ಪಿಸಿ ಬಲವಾಗಿತ್ತು, ತುಟಿ ಪಿಟಕ್ ಅನ್ನದೆ ಉತ್ತರ ಕೊಟ್ಟಿತ್ತು, ನಾನೂ ತಲೆ ಕೆಡಿಸಿಕೊಂಡಿರಲಿಲ್ಲ. ಕುರಿಗಾರರ ಮನೆಯ ಹುಡುಗಿ, ಕುರಿಗೆ ಇಲ್ಲದ ಬುದ್ಧಿಯನ್ನೆಲ್ಲ ಕೊಟ್ಟು ಕೂತಿದ್ದೆ. ನಾಚಿಕೆಯಾಯಿತು.

ಕಂಡಿಯ ವಿಷಯ ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಮೇಯುವ ಕುರಿಗಳ ನಡುವೆ ನುಗ್ಗಿ ಮಾಮಾ ಎಣಿಸುವುದಿಲ್ಲ. ಒಂದರ ಹಿಂದೆ ಒಂದು ತನ್ನ ಮುಂದೆ ಬರುವ ಹಾಗೆ ಮಾಡಿಕೊಳ್ಳುತ್ತಾನೆ. ನನ್ನ ಕುರಿಗಳ ಮಾಹಿತಿ ಮೆಮೊರಿಯ ತುಂಬ ಚೆಲ್ಲಾಪಿಲ್ಲಿಯಾಗಿತ್ತು. ಒಂದೊಂದು ಕುರಿಯ ಜೊತೆಗೂ ಅದರ ಬಣ್ಣ, ವಯಸ್ಸು, ಉಣ್ಣೆಯ ಉದ್ದ ಎಲ್ಲ ಒಂದೇ ಗಂಟಿನಲ್ಲಿ ಕಟ್ಟಿತ್ತು. ಅದು ಎಲ್ಲಿದೆ, ಯಾವ ಕಡೆ ಮುಖ ಅನ್ನುವ ಎರಡೇ ವಿಷಯ ಬೇಕಾದಾಗಲೂ ಆ ಬಡಕಲು ಪ್ರೊಸೆಸರ್ ಇಡೀ ಗಂಟು ಬಿಚ್ಚಬೇಕಿತ್ತು. ಸಿಂದಗಿ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತು ಟಿಕೆಟಿನ ಹಿಂದೆ ಗುರುತು ಹಾಕಿಕೊಂಡೆ. ಪಕ್ಕದ ಹೆಣ್ಣುಮಗಳು ಇವಳಿಗೇನೋ ಆಗಿದೆ ಅನ್ನುವ ಹಾಗೆ ಸರಿದು ಕುಳಿತಳು.

ಮುಂದಿನ ಹತ್ತು ದಿನ ಹಿಂಡನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದೆ. ಮುಂದಿನ ಎಂಟು ಕುರಿಗಳಿಗೆ ಮಾತ್ರ ದಾರಿ ಹುಡುಕುವ ಬುದ್ಧಿ. ಉಳಿದವು ಮುಂದಿನ ನಾಲ್ಕೈದು ಬಾಲ ನೋಡಿದರೆ ಸಾಕು. ಅಂಚಿನವನ್ನು ಎಂಟು ಚಿತ್ರಕ್ಕೊಮ್ಮೆ ವಿಚಾರಿಸುವುದು. ಎಲ್ಲ ಕುರಿಗಳ ಜಾಗವನ್ನು ಒಂದೇ ಸಾಲಾಗಿ ಜೋಡಿಸಿ, ಬಣ್ಣ ಉಣ್ಣೆಯ ವಿಷಯ ಬೇರೆ ಕಡೆ ಇಟ್ಟು, ಆ ಸಾಲನ್ನು ಪಾಲು ಮಾಡಿ ಎಲ್ಲ ಆಳುಗಳಿಗೂ ಹಂಚಿದೆ. ದೂರದ ಕುರಿಗೆ ಕಾಲು ಕಿವಿ ಬೇಡ, ಧೂಳಿನಲ್ಲಿ ಬೆನ್ನಷ್ಟೇ ಕಾಣುವುದು. ಅರವತ್ತಾರು ನಲವತ್ತೊಂದಾಯಿತು, ಮೂವತ್ತಾರಾಯಿತು, ಅಲ್ಲಿ ಮೂರು ದಿನ ಕಲ್ಲಿನಂತೆ ನಿಂತಿತು, ಆಮೇಲೆ ಇಪ್ಪತ್ತೊಂಬತ್ತಕ್ಕೆ ಬಂತು. ಇಪ್ಪತ್ತೊಂಬತ್ತು ಕಂಡಾಗ ಅವ್ವನನ್ನು ಕರೆದು ತೋರಿಸಿದೆ. ಅವಳು ಪರದೆ ನೋಡಿ, "ಈಗ ಕಾಲ ನೆಟ್ಟಗ ಇಡಾಕತ್ತಾವು" ಅಂದಳು.

ಇದರಲ್ಲಿ ಯಾವುದೂ ಪಿಸಿಯಲ್ಲಿ ಮಾಡಲಾಗದ ಕೆಲಸವಲ್ಲ ಅನ್ನುವುದು ನನಗೆ ಹೆಚ್ಚು ಚುಚ್ಚಿತು. ಎರಡು ವರ್ಷದ ಹಿಂದೆಯೇ ಮಾಡಬಹುದಿತ್ತು. ಯಾರೂ ನನ್ನನ್ನು ಮೂಲೆಗೆ ತಳ್ಳಿರಲಿಲ್ಲ, ಹಾಗಾಗಿ ಮಾಡಿರಲಿಲ್ಲ. ಅದೇ ಕೋಡನ್ನು ಪಿಸಿಗೂ ಹಾಕಿ, ಬಾಗೇವಾಡಿಯಲ್ಲಿರುವ ಗೆಳತಿಗೆ ಕಳಿಸಿದೆ. ಗ್ರಾಫಿಕ್ಸ್ ಕಾರ್ಡೇ ಇಲ್ಲದ ಅವಳ ಹಳೆಯ ಕಂಪ್ಯೂಟರಿನಲ್ಲೂ ಹಿಂಡು ನಡೆಯಿತು. ಅಷ್ಟು ದಿನ ಅಂಥ ಮೆಷಿನ್ ಇದ್ದವರಿಗೆಲ್ಲ ನಾವು ನಿಮ್ಮದು ಸಾಲದು ಅಂದಿದ್ದೆವು.

ಕೊನೆಯ ದಿನ ಮತ್ತೆ ವಿಡಿಯೋ ಕಾಲ್. ಅಂದು ಬೆಳಿಗ್ಗೆ ಮಾಮಾ ಇಂಡಿಗೆ ಬಂದಿದ್ದ, ಕುರಿಗಳಿಗೆ ಜಂತಿನ ಔಷಧಿ ಒಯ್ಯಲು. ಊಟ ಮಾಡಿ ಹೊರಡುವವನಿದ್ದ. ಗೇಮ್ ನಡೆಯುವಾಗ ನಾನು ಮಿಲಿಸೆಕೆಂಡು ತೋರಿಸುವ ಮೀಟರ್ ನೋಡಬೇಕು, ಆಡಲು ಇನ್ನೊಬ್ಬರು ಬೇಕು. ಕಂಟ್ರೋಲರನ್ನು ಮಾಮಾನ ಕೈಗೆ ಕೊಟ್ಟು, ಈ ಗುಂಡಿ ನೂಕಿದರೆ ನಡಿಗೆ, ಇದು ಒತ್ತಿದರೆ ಸೀಟಿ ಅಂತ ಹೇಳಿದೆ.

"ಯಾರದು?" ಅಂದರು ಮುಖ್ಯಸ್ಥರು. "ಹೊರಗಿನವರಿಗೆ ತೋರಿಸೋ ಹಾಗಿಲ್ಲ ಅಂತ ಸಹಿ ಮಾಡಿದೀರಲ್ಲ."

"ಹೊರಗಿನವ್ರಲ್ರಿ, ನಮ್ಮ ಸ್ವಾದರಮಾವ," ಅಂದೆ. ಅವರು ಮೀಟರ್ ತೋರಿಸಿ ಅಂದರು.

ಮೀಟರ್ ಇಪ್ಪತ್ತೊಂಬತ್ತು ತೋರಿಸಿತು, ಕಾಲುವೆ ದಾಟುವಾಗ ಮೂವತ್ತು, ಮತ್ತೆ ಇಪ್ಪತ್ತೊಂಬತ್ತು. ಅವರು ನಿಜವಾಗಿಯೂ ಮೆಚ್ಚಿದರು. ಆದರೆ ಮೆಚ್ಚಿದ ಬಾಯಿಂದಲೇ ಮುಂದುವರಿಸಿದರು.

"ಇದೇ ಕೋಡಿಗೆ ನಲವತ್ತು ಕುರಿ ಹಾಕಿದ್ರೆ ಹನ್ನೆರಡಕ್ಕೆ ಮುಗಿಯತ್ತೆ. ಯಾವ ತೊಂದರೆನೂ ಬರಲ್ಲ. ನಾನೂರು ಅಂದ್ರೆ ಅಂಚಿನಲ್ಲೇ ನಡೆದ ಹಾಗೆ. ಸೇಫ್ ಆಗಿ ನಲವತ್ತನ್ನೇ ಕಳಿಸೋಣ. ನಿಜವಾಗ್ಲೂ ಯಾರಿಗೂ ಗೊತ್ತಾಗಲ್ಲ."

ಮೂರು ವಾರದ ಕರಾರು ನಾನು ಉಳಿಸಿದ್ದೆ, ಅವರು ಮುರಿಯುತ್ತಿದ್ದರು, ಅದೂ ಅಷ್ಟು ಮೆತ್ತಗೆ. ಏನಾದರೂ ಅಂದರೆ ಅದು ಬೈಗುಳವೇ ಆಗುತ್ತದೆ ಅಂತ ಮೀಟರ್ ಕಡೆಗೇ ಕಣ್ಣು ನೆಟ್ಟೆ. ಅಷ್ಟರಲ್ಲಿ ಮಾಮಾ ಗೇಮಿನಲ್ಲಿ ಬೇಲಿಯ ಕಂಡಿಯಿಂದ ಕುರಿ ಹೊರಗೆ ಬಿಡುತ್ತಿದ್ದ. ಕೈಯಲ್ಲಿ ಹರಳಿರಲಿಲ್ಲ, ಇಪ್ಪತ್ತಕ್ಕೊಮ್ಮೆ ತುಟಿಯಲ್ಲೇ ಏನೋ ಅಂದುಕೊಳ್ಳುತ್ತಿದ್ದ. ಕೊನೆಯ ಕುರಿ ದಾಟಿದ ಮೇಲೆ ಕಂಟ್ರೋಲರ್ ತೊಡೆಯ ಮೇಲಿಟ್ಟ.

"ಒಂದು ಕಡಿಮಿ ಐತಿ," ಅಂದ.

ಮುಖ್ಯಸ್ಥರಿಗೆ ನಗು ಬಂತು. "ಇಲ್ಲ ಯಜಮಾನ್ರೇ, ಮೇಲೆ ನಾನೂರು ಅಂತ ತೋರಿಸ್ತಿದೆ ನೋಡಿ."

"ಮ್ಯಾಲ ಏನರ ಬರದಿರ್ಲಿ ಸಾಹೇಬ್ರ. ದಾಟಿದ್ದು ಮುನ್ನೂರಾ ತೊಂಬತ್ತೊಂಬತ್ತು. ಮುಂದಿನ ಕುರಿನ ಇಲ್ಲ. ಇವು ಯಾರ ಬೆನ್ನ ಹತ್ತಿ ಹೊಂಟಾವು?"

ನಾನು ಮಾಮಾನ ಮೇಲೆ ರೇಗಲು ಬಾಯಿ ತೆಗೆದವಳು, ರೇಗದೆ ಕೋಡ್ ತೆರೆದು ನೋಡಿದೆ. ಎಲ್ಲಕ್ಕಿಂತ ಮುಂದಿನ ಕುರಿ ದಾರಿ ಹುಡುಕುತ್ತಿತ್ತು, ನಡೆಯುತ್ತಿತ್ತು, ಲೆಕ್ಕಕ್ಕೂ ಇತ್ತು. ಆದರೆ ಪರದೆಯ ಮೇಲೆ ಮೂಡುತ್ತಿರಲಿಲ್ಲ. ಕಂಪ್ಯೂಟರಿನ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಚಿತ್ರ ಬಿಡಿಸುವ ಕಡೆ ನಾನು ಅವಸರದಲ್ಲಿ ಒಂದರಿಂದ ಶುರು ಮಾಡಿದ್ದೆ. ಹಿಂಡು ಕಾಣದ ಕುರಿಯ ಹಿಂದೆ ಹೊರಟಿತ್ತು. ಬೆಂಗಳೂರಿನಲ್ಲಿ ಇಬ್ಬರು ನಾಲ್ಕು ದಿನ ಇದನ್ನೇ ಆಡಿ ಪರೀಕ್ಷೆ ಮಾಡಿದ್ದರು, ನಾನಂತೂ ಕಣ್ಣು ಕೀಳದೆ ನೋಡಿದ್ದೆ, ಯಾರಿಗೂ ಕಂಡಿರಲಿಲ್ಲ.

"ಒಂದು ಕುರಿ ನಿಜವಾಗ್ಲೂ ಇಲ್ರಿ," ಅಂದೆ. ಆ ಕಡೆ ನಗು ನಿಂತಿತು.

ಒಂದನ್ನು ಸೊನ್ನೆ ಮಾಡಿ ಗೇಮ್ ಮತ್ತೆ ಹಾಕಿದೆ. ಮಾಮಾ ಮೊದಲಿನಿಂದ ಎಣಿಸಿದ. ಮುಖ್ಯಸ್ಥರು ಕ್ಯಾಮೆರಾದ ಹತ್ತಿರಕ್ಕೆ ಬಂದು, ತಾವೂ ಎಣಿಸಲು ನೋಡಿ, ನಡುವೆ ತಪ್ಪಿ ಬಿಟ್ಟುಕೊಟ್ಟದ್ದು ಕಾಣುತ್ತಿತ್ತು. ಕೊನೆಗೆ ಮಾಮಾ, "ಈಗ ಸರಿ ಐತಿ" ಅಂದ. ಮೀಟರ್ ಇಪ್ಪತ್ತೊಂಬತ್ತರಲ್ಲೇ ಇತ್ತು. ನಾನು ಆ ಪ್ರತಿಯನ್ನು ಅಂತಿಮ ಎಂದು ಗುರುತು ಮಾಡಿ, ಕನ್ಸೋಲ್ ಕಂಪನಿಗೆ ಕಳಿಸುವ ಪುಟ ತೆರೆದೆ.

ಮುಖ್ಯಸ್ಥರು ಮಾಮಾನನ್ನೇ ಕೇಳಿದರು. ಸೋತವರ ದನಿಯಲ್ಲಿ ಅಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ಹಾಗಿತ್ತು.

"ಯಜಮಾನ್ರೇ, ನೀವೇ ಹೇಳಿ. ಇದು ಆಟ ಅಷ್ಟೇ. ನಲವತ್ತು ಕುರಿ ಇದ್ರೆ ಸಾಕಾಗಲ್ವಾ?"

ಮಾಮಾ ಕಂಟ್ರೋಲರನ್ನು ನನ್ನ ಟೇಬಲ್ ಮೇಲಿಟ್ಟು, ಔಷಧಿಯ ಚೀಲ ಎತ್ತಿಕೊಂಡು ಎದ್ದು ನಿಂತ.

"ನಲವತ್ತ ಹೊಡಕೊಂಡು ಹೋಗು ಅಂದ್ರ ಹೋಗ್ತೇನ್ರಿ ಸಾಹೇಬ್ರ, ಅದಕ್ಕೇನು. ಉಳದ ಮುನ್ನೂರಾ ಅರವತ್ತು ಯಾರ ಕೈಯಾಗ ಕೊಟ್ಟು ಬರ್ಲಿ, ಅಷ್ಟ ಹೇಳ್ರಿ."

ಆ ಕಡೆ ಮೈಕ್ ಆಫ್ ಆಯಿತು, ಮತ್ತೆ ಆನ್ ಆಯಿತು. ಅವರು, "ಸರಿ, ನಾನೂರನ್ನೇ ಕಳಿಸಿ" ಅಂದರು.

ನಾನು ಆಗಲೇ ಕಳಿಸಿದ್ದೆ.